ಮೊದಲು ಬಂದ ಮಾರ್ದನಿ

“ಕೂಗೋದಕ್ಕೆ ಮುಂಚೇನೇ ಮಾರ್ದನಿ ಹೇಗೆ ಕೇಳಿಸುತ್ತೆ?”

ಕೋಣೆಯಲ್ಲಿ ಯಾರೂ ಇರಲಿಲ್ಲ. ಇನ್ಸ್‌ಪೆಕ್ಟರಮ್ಮ ಕೇಳಿದ್ದು ಗೋಡೆಯನ್ನೂ ಅಲ್ಲ, ತನ್ನನ್ನೂ ಅಲ್ಲ. ಮಾತು ತಾನಾಗಿ ಬಾಯಿಂದ ಜಾರಿತ್ತು. ಕಿಟಕಿಯ ಆಚೆ ಮಧ್ಯಾಹ್ನದ ಬಿಸಿಲು ಗುಡ್ಡದ ಬಂಡೆಗಳ ಮೇಲೆ ಮಲಗಿತ್ತು. ಆ ಬಂಡೆಗಳ ನಡುವೆ ಪೊಲೀಸ್ ನಾಯಿಗಳು ಮೂಸುತ್ತಾ ಓಡಾಡುತ್ತಿದ್ದವು. ಶನಿವಾರದಿಂದ ಕಾಣೆಯಾದ ವೀಕ್ಷಣಾಲಯದ ಮೇಷ್ಟ್ರ ಸುಳಿವು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಆಕೆ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದಳು. ಅದರಲ್ಲಿ ಎರಡು ಗೆರೆಗಳು, ಎರಡೂ ಉಬ್ಬಿ ಇಳಿದು ಉಬ್ಬಿ ಇಳಿದು ಸಾಗುತ್ತಿದ್ದವು. ಮೇಲಿನದು ಗ್ಯಾಲಕ್ಸಿಯ ನಟ್ಟನಡುವಿನ ಬೆಳಕು. ಕೆಳಗಿನದು ಆ ನಡುವನ್ನು ಸುತ್ತುತ್ತಿರುವ ಅನಿಲದ ಬೆಳಕು. ನಡು ಮಿನುಗಿದರೆ ಅನಿಲವೂ ಮಿನುಗಬೇಕು, ಆದರೆ ತಡವಾಗಿ. ಬೆಟ್ಟಕ್ಕೆ ಕೂಗಿದ ಮಾತು ಹೋಗಿ ತಟ್ಟಿ ಬರಬೇಕಲ್ಲ, ಹಾಗೆ.

ಇಲ್ಲಿ ಅನಿಲವೇ ಮೊದಲು ಮಿನುಗಿತ್ತು. ಹನ್ನೊಂದು ದಿನ ಮೊದಲು.

“ಇದು ಆಗೋ ಮಾತಲ್ಲ ಮೇಡಂ. ಅಂಕಿಗಳನ್ನ ಸುಳ್ಳೇ ಕೂತು ಗೀಚಿದ್ದು. ಅದು ಬಯಲಾಗುತ್ತೆ ಅಂತ ಗೊತ್ತಾಗಿ ಮೇಷ್ಟ್ರು ಜಾಗ ಖಾಲಿ ಮಾಡಿದ್ದಾರೆ,” ಎಂದು ಹೇಳಿ ಬೆಳಿಗ್ಗೆ ಈ ಹಾಳೆಯನ್ನು ಕೊಟ್ಟಿದ್ದವರು ವೀಕ್ಷಣಾಲಯದ ನಿರ್ದೇಶಕರು. ಅದೇ ಮಾತು ಠಾಣೆಯ ಮೇಲಧಿಕಾರಿಯ ಕಿವಿಗೂ ಬಿದ್ದಿತ್ತು. ಅವರ ಫೋನು ಬಂದು ಇನ್ನೂ ಒಂದು ಗಂಟೆ ಕಳೆದಿರಲಿಲ್ಲ.

“ಏನಮ್ಮಾ, ಮೋಸ ಮಾಡಿ ತಾನಾಗಿ ಓಡಿಹೋದವನನ್ನ ಹುಡುಕಿಕೊಂಡು ಗುಡ್ಡ ಜಾಲಾಡ್ತಾ ಕೂತಿದ್ದೀಯಲ್ಲ! ಆ ಲೆಕ್ಕ ಸಾಚಾ ಅಂತ ಸಂಜೆಯೊಳಗೆ ತೋರಿಸು. ಇಲ್ಲದಿದ್ರೆ ನಾಯಿಗಳನ್ನ ವಾಪಸ್ ಕರೆಸ್ತೀನಿ.”

ಬಂಡೆಗಳ ಸಂದಿಯಲ್ಲಿ ಎಲ್ಲೋ ಮೇಷ್ಟ್ರು ಕಾಲು ಮುರಿದುಕೊಂಡು ಬಿದ್ದಿದ್ದರೆ, ಇನ್ನೊಂದು ರಾತ್ರಿಯ ಚಳಿಯನ್ನು ತಡೆಯುವ ವಯಸ್ಸು ಅವರದಲ್ಲ. ಸಂಜೆಯೊಳಗೆ ಎಂದರೆ ಇಷ್ಟೇ ಅರ್ಥ.

ಬಾಗಿಲು ಕಿರುಗುಟ್ಟಿತು. ಮೇಷ್ಟ್ರ ಮಗಳು ಒಳಗೆ ಬಂದಳು. ತಂದೆಯ ಕೈಕೆಳಗೇ ಕೆಲಸ ಕಲಿತು ಇದೇ ಕೋಣೆಯಲ್ಲಿ ಅಳತೆ ಮಾಡುವವಳು. ಕಣ್ಣುಗಳು ಊದಿಕೊಂಡಿದ್ದವು. ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ ತಿರುಚಿಕೊಂಡಿತ್ತು.

“ಏನಾದ್ರೂ ಗೊತ್ತಾಯ್ತಾ ಮೇಡಂ?”

“ಇನ್ನೂ ಇಲ್ಲ. ಈ ಲೆಕ್ಕ ಸಾಚಾ ಅಂತ ತೋರಿಸದಿದ್ರೆ ಸಂಜೆಗೆ ನಾಯಿಗಳನ್ನ ವಾಪಸ್ ಕರೆಸ್ತಾರಂತೆ. ಕೂತ್ಕೋ. ನನಗೆ ಪಾಠ ಹೇಳಬೇಕು ನೀನು. ನಾನು ಲೆಕ್ಕದಲ್ಲಿ ದಡ್ಡಿ, ತಿಳ್ಕೊಂಡೇ ಶುರು ಮಾಡು. ಗ್ಯಾಲಕ್ಸಿ ನಡುವಿನ ಕಪ್ಪುಕುಳೀನ, ಆ ಬ್ಲ್ಯಾಕ್ ಹೋಲನ್ನ, ತಕ್ಕಡಿ ಇಲ್ಲದೆ ನಿಮ್ಮಪ್ಪ ತೂಗೋದು ಹೇಗೆ?”

ಹುಡುಗಿ ಕೊರಳಿನ ಪಟ್ಟಿ ತೆಗೆದು, ಅದರ ತುದಿ ಹಿಡಿದು, ಚೀಟಿಯನ್ನು ತಲೆಯ ಮೇಲೆ ಗರಗರ ತಿರುಗಿಸಿದಳು.

“ಇದು ಹಾರಿಹೋಗ್ತಿಲ್ಲ ಯಾಕೆ? ನನ್ನ ಕೈ ಹಿಡಿದಿದೆ. ಜೋರಾಗಿ ತಿರುಗಿದಷ್ಟೂ ಕೈ ಗಟ್ಟಿಯಾಗಿ ಹಿಡೀಬೇಕು. ದಾರ ಎಷ್ಟು ಉದ್ದ, ಚೀಟಿ ಎಷ್ಟು ವೇಗ, ಇವೆರಡು ಗೊತ್ತಾದ್ರೆ ಹಿಡಿತ ಎಷ್ಟಂತ ಹೇಳಬಹುದು. ಕೈ ಕಾಣಿಸಲೇಬೇಕು ಅಂತಿಲ್ಲ. ಗ್ಯಾಲಕ್ಸಿ ನಡುವೆ ಇರೋದು ಆ ಕಾಣದ ಕೈ. ಕೋಟಿಗಟ್ಟಲೆ ಸೂರ್ಯರಷ್ಟು ತೂಕ ಅದಕ್ಕೆ. ಅದರ ಬಾಯಂಚಲ್ಲಿ ಕಾದು ಉರಿಯೋದೇ ನಡುವಿನ ಮಿನುಗು.”

“ವೇಗ ಹೇಗೆ ಗೊತ್ತಾಗುತ್ತೆ?”

“ಅನಿಲದ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸ್ತೀವಿ. ಗೆರೆಗಳು ಕಾಣ್ತವೆ. ಅನಿಲ ಜೋರಾಗಿ ಓಡ್ತಿದ್ರೆ ಗೆರೆ ಅಗಲಕ್ಕೆ ಹರಡಿಕೊಳ್ಳುತ್ತೆ. ಅದು ಸುಲಭ. ಕಷ್ಟ ಇರೋದು ದಾರ ಅಳೆಯೋದ್ರಲ್ಲಿ. ಅಷ್ಟು ದೂರದಲ್ಲಿ ಅದೆಲ್ಲ ಒಂದು ಚುಕ್ಕೆ. ಅದಕ್ಕೇ ಮಾರ್ದನಿ. ನಡು ಮಿನುಗಿದ ಎಷ್ಟು ದಿನಕ್ಕೆ ಅನಿಲ ಮಿನುಗಿತು ಅಂತ ನೋಡಿದ್ರೆ, ಅಷ್ಟು ದಿನ ಬೆಳಕು ನಡೆದ ದಾರಿಯೇ ದಾರದ ಉದ್ದ.”

ತಿರುಗುತ್ತಾ ಕೆಳಗಿಳಿದ ಚೀಟಿ ಮೇಜಿನ ಅಂಚಿಗೆ ಬಡಿದು ಟಪ್ಪೆಂದಿತು. ಹುಡುಗಿ ಬೆಚ್ಚಿ ಕೈ ಇಳಿಸಿದಳು.

“ನಿಮ್ಮಪ್ಪ ಹೀಗೇ ಹೇಳಿಕೊಟ್ಟಿದ್ರಾ?”

“ಅಪ್ಪ ನನ್ನನ್ನೇ ಎತ್ತಿ ತಿರುಗಿಸ್ತಿದ್ರು. ಚಿಕ್ಕೋಳಿದ್ದಾಗ.” ಅವಳು ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮೇಡಂ, ನಮ್ಮಪ್ಪ ಗೀಚೋರಲ್ಲ. ಗೀಚೋ ಹಾಗಿದ್ರೆ ಎಲ್ಲರ ಕಣ್ಣಿಗೂ ಮುಸುಕು ಹಾಕೋ ಪದ್ಧತಿ ಯಾಕೆ ಇಡ್ತಿದ್ರು?”

ಠಾಣೆಯಲ್ಲಿ ಇನ್ಸ್‌ಪೆಕ್ಟರಮ್ಮನಿಗೆ ‘ಕಿವಿ’ ಎಂದೇ ಅಡ್ಡಹೆಸರು. ಚಿಕ್ಕಂದಿನಲ್ಲಿ ಸಂಜೆ ಹೊತ್ತು ಅಜ್ಜ ದನಿ ಎತ್ತಿ ಪದ್ಯ ಓದುವಾಗ, ಬಾಗಿಲ ಮರೆಯಲ್ಲಿ ಕೂತು ಕೇಳಿ ಬೆಳೆದವಳು. ಅರ್ಥವಾಗದ ಸಾಲಿನಲ್ಲೂ ಅಜ್ಜ ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಎಂದು ಕಾದು ಕೂತರೆ, ಅರ್ಥ ಅಲ್ಲೇ ಎಲ್ಲೋ ಇರುತ್ತಿತ್ತು. ಪೊಲೀಸ್ ಕೆಲಸಕ್ಕೆ ಬಂದ ಮೇಲೂ ಆಕೆ ಮಾಡಿದ್ದು ಅದನ್ನೇ. ಮಾತು ನಿಂತ ಕಡೆ ತಾನೂ ನಿಂತು ಕಾಯುವುದು.

ಕಾದಳು. ಹುಡುಗಿ ಮೂಗು ಒರೆಸಿಕೊಂಡು ಮುಂದುವರಿಸಿದಳು.

“ನಮಗೆ ಬೇಕಾದ ಉತ್ತರ ಸಿಕ್ಕ ತಕ್ಷಣ ತಪ್ಪು ಹುಡುಕೋದು ನಿಲ್ಲಿಸಿಬಿಡ್ತೀವಿ. ಬೇಡದ ಉತ್ತರ ಬಂದ್ರೆ ತಪ್ಪು ಸಿಗೋ ತನಕ ಬಿಡಲ್ಲ. ಅದಕ್ಕೆ ಅಪ್ಪ ಅಳತೆಗೆ ಕೈ ಹಾಕಲ್ಲ. ವೀಕ್ಷಣೆಯೆಲ್ಲ ಬಂದ ಮೇಲೆ ಮನಸ್ಸಲ್ಲೇ ಒಂದು ಸಂಖ್ಯೆ ಹಿಡ್ಕೊಂಡು, ಅನಿಲದ ತಾರೀಖುಗಳನ್ನೆಲ್ಲ ಅಷ್ಟು ದಿನ ಮುಂದಕ್ಕೆ ತಳ್ಳಿ ನನಗೆ ಕೊಡ್ತಾರೆ. ಎಷ್ಟು ತಳ್ಳಿದ್ದಾರೆ ಅಂತ ನನಗೆ ಗೊತ್ತಿರಲ್ಲ. ನಾನು ಅಳೀತೀನಿ. ಎಲ್ಲ ಮುಗಿದು ಇನ್ನು ಯಾರೂ ಒಂದು ಚುಕ್ಕೆಯನ್ನೂ ಅಲುಗಾಡಿಸೋ ಹಾಗಿಲ್ಲ ಅಂತಾದ ಮೇಲೆ, ಎಲ್ಲರೂ ಕೂತಿರುವಾಗ ಅವರು ಸಂಖ್ಯೆ ಹೇಳ್ತಾರೆ. ಅದನ್ನ ಕಳೀತೀವಿ. ಆಗ ಮುಸುಕು ತೆಗೆದ ಹಾಗೆ.”

ಪೊಲೀಸರಿಗೂ ಇಂಥದ್ದೊಂದು ಪದ್ಧತಿ ಇದ್ದಿದ್ದರೆ ಎಷ್ಟು ಜನ ಸುಮ್ಮನೆ ಜೈಲಿಗೆ ಹೋಗುವುದು ತಪ್ಪುತ್ತಿತ್ತೋ ಎಂದುಕೊಂಡಳು ಇನ್ಸ್‌ಪೆಕ್ಟರಮ್ಮ.

“ಮುಸುಕಿದ್ದಾಗ ನಿನಗೆ ಬಂದ ಉತ್ತರ ಎಷ್ಟು?”

ಹುಡುಗಿ ಗೋಡೆಯ ಬಿಳಿ ಹಲಗೆ ತೋರಿಸಿದಳು. ನಡುವೆ ದಪ್ಪಗೆ ‘೨೬’ ಎಂದಿತ್ತು. “ಶನಿವಾರ ಬೆಳಿಗ್ಗೆ ಬರೆದೆ. ಅಪ್ಪ ಬಂದು ನೋಡಿದ್ರು. ಮುಖದಲ್ಲಿ ಏನೂ ಕಾಣಲಿಲ್ಲ. ಮುಸುಕು ಹಾಕಿದ ದಿನದಿಂದ ಅಪ್ಪನ ಮುಖ ಕಲ್ಲಿನ ಹಾಗಿರುತ್ತೆ. ಮನೇಲೂ ಹಾಗೇ. ಅಮ್ಮ ಅಡುಗೇಲಿ ಉಪ್ಪು ಹೆಚ್ಚಾಗಿದೆಯಾ ಅಂತ ಕೇಳಿದ್ರೂ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ.”

ಇಬ್ಬರಿಗೂ ಸಣ್ಣಗೆ ನಗು ಬಂತು. ಮೊದಲು ತಡೆದುಕೊಂಡವಳು ಹುಡುಗಿಯೇ.

ಇನ್ಸ್‌ಪೆಕ್ಟರಮ್ಮ ನಿರ್ದೇಶಕರ ಹಾಳೆಯನ್ನು ಹಲಗೆಯ ಪಕ್ಕಕ್ಕೆ ಹಿಡಿದಳು. “ಇಪ್ಪತ್ತಾರರಲ್ಲಿ ಏನನ್ನ ಕಳೆದ್ರೆ ಹೀಗೆ ಹನ್ನೊಂದು ದಿನ ಹಿಂದಕ್ಕೆ ಹೋಗುತ್ತೆ?”

“ಮೂವತ್ತೇಳು.” ಹುಡುಗಿಯ ಹುಬ್ಬು ಗಂಟಾಯಿತು. “ಆದ್ರೆ ಅಪ್ಪ ಅಷ್ಟು ದೊಡ್ಡ ಸಂಖ್ಯೆ ಹಿಡಿಯೋದೇ ಇಲ್ಲ. ಹದಿನೈದು ದಾಟಿದ್ರೆ ವೀಕ್ಷಣೆಯ ಋತುವಿನ ಕೊನೇ ಚುಕ್ಕೆಗಳು ಹಾಳೆಯ ಅಂಚಿನಿಂದ ಆಚೆ ಬಿದ್ದುಹೋಗ್ತವೆ. ಹಾಗೆ ಮಾಡಬಾರದು ಅಂತ ನಮಗೆಲ್ಲ ಹೇಳಿಕೊಟ್ಟೋರೇ ಅವರು. ಹದಿನೈದರ ಒಳಗೆ ಯಾವ ಸಂಖ್ಯೆ ಕಳೆದ್ರೂ ಮಾರ್ದನಿ ಕೂಗಿನ ಹಿಂದೇನೇ ಬರುತ್ತೆ!”

“ಸಂಖ್ಯೆ ಹಿಡಿದಿದ್ದು ಯಾವತ್ತು?”

“ಶುಕ್ರವಾರ ಮಧ್ಯಾಹ್ನದ ಮೇಲೆ. ಕೊನೇ ವೀಕ್ಷಣೆ ಅವತ್ತೇ ಬಂದಿದ್ದು.”

“ನಿಮ್ಮಪ್ಪನಿಗೇ ಏನಾದ್ರೂ ಆಗಿಬಿಟ್ರೆ? ಸಂಖ್ಯೆ ಅವರ ಜೊತೆಗೇ ಹೋಯ್ತಾ?”

“ಇಲ್ಲ. ಇನ್ನೊಬ್ಬರಿಗೆ ಹೇಳಿಟ್ಟಿರಬೇಕು, ಅದೂ ಪದ್ಧತಿ. ಅಳತೆ ಮಾಡೋರಿಗೆ ಹೇಳೋ ಹಾಗಿಲ್ಲ. ಯಾರಿಗೆ ಹೇಳಿದ್ದಾರೆ ಅಂತ ನಮಗೆ ಗೊತ್ತಾಗೋ ಹಾಗೂ ಇಲ್ಲ.” ಹುಡುಗಿ ಎದ್ದು ನಿಂತಳು. “ಆ ನಿಜವಾದ ಸಂಖ್ಯೆ ಸಿಕ್ಕಿಬಿಟ್ರೆ ಸಾಕು ಮೇಡಂ. ಎಲ್ಲರ ಎದುರಿಗೇ ಕಳೆದು ತೋರಿಸ್ತೀನಿ. ಅಪ್ಪ ಕಳ್ಳ ಅಲ್ಲ ಅಂತಾದ ಮೇಲೆ ನಾಯಿಗಳನ್ನ ಯಾಕೆ ವಾಪಸ್ ಕರೆಸ್ತಾರೆ?”

*

ನಿರ್ದೇಶಕರ ಕೋಣೆಯಲ್ಲಿ ಎಲ್ಲವೂ ತನ್ನ ತನ್ನ ಜಾಗದಲ್ಲಿತ್ತು. ಮೇಜಿನ ಮೇಲೆ ಹಿತ್ತಾಳೆಯ ಪುಟ್ಟ ದೂರದರ್ಶಕ, ಕುರ್ಚಿಯ ಬೆನ್ನಿಗೆ ಸುಕ್ಕಿಲ್ಲದ ಕೋಟು. ಗೋಡೆಯಲ್ಲಿ ಆ ಗ್ಯಾಲಕ್ಸಿಯದೇ ದೊಡ್ಡ ಚಿತ್ರ, ಗಾಜಿನ ಚೌಕಟ್ಟಿನಲ್ಲಿ. ಬಂದವರಿಗೆಲ್ಲ ಬೆರಳಿಟ್ಟು ತೋರಿಸಿ ತೋರಿಸಿ ಗಾಜಿನ ನಡುವೆ ಜಿಡ್ಡಿನ ಕಲೆ ಕೂತಿತ್ತು. ಆ ಕಪ್ಪುಕುಳಿಯನ್ನು ಮೊದಲು ತೂಗಿದವರು ಅವರೇ. ಬೇರೊಂದು ದಾರಿಯಿಂದ, ವರ್ಷಗಳ ಹಿಂದೆ. ಅವರಿಗೆ ಈ ಕೋಣೆ, ಈ ಕುರ್ಚಿ, ಹೊರಗಿನ ಲೋಕದಲ್ಲಿ ಹೆಸರು, ಎಲ್ಲ ಬಂದದ್ದು ಆ ತೂಕದಿಂದ. ಮೇಷ್ಟ್ರ ಮಾರ್ದನಿ ಬೇರೆ ತೂಕ ಹೇಳಿದರೆ ಅದಷ್ಟೂ ಅಲುಗುತ್ತದೆ.

“ಬನ್ನಿ ಮೇಡಂ. ಬಿಸ್ಕತ್ತು ತಗೊಳ್ಳಿ. ಏನು, ನಮ್ಮ ಶಾಸ್ತ್ರ ಅರ್ಥ ಆಯ್ತಾ?”

“ಅರ್ಧ ಆಯ್ತು ಸರ್. ಮೇಷ್ಟ್ರನ್ನ ನೀವು ಕೊನೇ ಸಲ ನೋಡಿದ್ದು ಯಾವಾಗ?”

“ಎಷ್ಟು ಸಲ ಹೇಳಲಿ? ಗುರುವಾರ, ಚಹಾ ಹೊತ್ತಿಗೆ. ಆಮೇಲೆ ನಾನು ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ.”

“ಈ ಹಾಳೆಯಲ್ಲಿ ಮುಸುಕು ತೆಗೆದಿದೆಯಾ?”

“ತೆಗೆಯದೆ ಇದ್ರೆ ಇದಕ್ಕೇನು ಬೆಲೆ? ತೆಗೆದೇ ಇದೆ.”

“ಎಷ್ಟು ಕಳೆದ್ರಿ?”

“ಮೂವತ್ತೇಳು.”

“ಯಾರು ಹೇಳಿದ್ರು?”

“ಅವರೇ. ಸಂಖ್ಯೆ ಇನ್ಯಾರ ಹತ್ರ ಇರುತ್ತೆ?” ನಿರ್ದೇಶಕರು ನಕ್ಕರು. “ನಾನು ಈ ಸಂಸ್ಥೆಯ ಯಜಮಾನ ಮೇಡಂ. ಕೇಳಿದೆ, ಹೇಳಿದ್ರು.”

“ಗುರುವಾರ ಚಹಾ ಹೊತ್ತಿಗಾ?”

“ಹೌದು.”

ಇನ್ಸ್‌ಪೆಕ್ಟರಮ್ಮ ಬಿಸ್ಕತ್ತನ್ನು ಮುರಿದು ಅರ್ಧ ತಟ್ಟೆಯಲ್ಲೇ ಇಟ್ಟಳು.

“ಕೊನೇ ವೀಕ್ಷಣೆ ಬಂದಿದ್ದು ಶುಕ್ರವಾರ. ಸಂಖ್ಯೆ ಹಿಡಿದಿದ್ದು ಅದಾದ ಮೇಲೆ. ಗುರುವಾರ ಚಹಾ ಹೊತ್ತಿಗೆ ಆ ಸಂಖ್ಯೆ ಇನ್ನೂ ಹುಟ್ಟೇ ಇರಲಿಲ್ಲ ಸರ್.”

ಹೊರಗೆ ಯಾರೋ ಕುರ್ಚಿ ಎಳೆದ ಸದ್ದು. ನಿರ್ದೇಶಕರು ಎದ್ದರು, ಚಿತ್ರದ ಬಳಿ ಹೋದರು, ಕರವಸ್ತ್ರ ತೆಗೆದು ಗಾಜಿನ ಕಲೆ ಒರೆಸತೊಡಗಿದರು. ಅದು ಹೋಗುವ ಕಲೆಯಾಗಿರಲಿಲ್ಲ. ಇನ್ನಷ್ಟು ಹರಡಿತು.

ಆಕೆ ಕಾದಳು.

“ಶನಿವಾರ,” ಎಂದರು ಅವರು ಗೋಡೆಯ ಕಡೆಗೇ ಮುಖ ಮಾಡಿ. “ಮೇಲೆ ದೂರದರ್ಶಕದ ಗುಮ್ಮಟದ ಹತ್ರ. ನಾನೇ ಹುಡುಕಿಕೊಂಡು ಹೋದೆ. ಎಲ್ಲರ ಎದುರು ಮುಸುಕು ತೆಗೆಯೋ ಮುಂಚೆ ನನಗೊಬ್ಬನಿಗೆ ಗೊತ್ತಾಗಲಿ ಅಂತ ಕೇಳಿದೆ. ಅಷ್ಟು ವರ್ಷದ ಸ್ನೇಹ, ಅಷ್ಟೂ ಕೇಳಬಾರದಾ? ಜಗಳ ಆಡ್ತಾರೆ ಅಂದ್ಕೊಂಡಿದ್ದೆ. ಆಡಲಿಲ್ಲ. ತಟ್ಟನೆ ಹೇಳಿಬಿಟ್ರು. ನಗುನಗ್ತಾನೇ ಹೇಳಿದ್ರು. ನಾನು ಇಳಿದು ಬರುವಾಗ ಅವರು ಅಲ್ಲೇ ನಿಂತಿದ್ರು, ನೆಟ್ಟಗೆ, ಚೆನ್ನಾಗೇ ಇದ್ರು.”

“ಆ ನಗು ಯಾಕೆ ಅಂತ ಯೋಚನೆ ಮಾಡಲಿಲ್ವಾ?”

“ಏನು ಯೋಚನೆ ಮಾಡೋದು?”

“ಹಲಗೆ ಮೇಲೆ ಇಪ್ಪತ್ತಾರು ಅಂತಿತ್ತು. ಶನಿವಾರ ಬೆಳಿಗ್ಗೆ ಅದನ್ನ ನೋಡಿಕೊಂಡೇ ಹೋಗಿದ್ದೋರು ಅವರು. ಅದಕ್ಕಿಂತ ದೊಡ್ಡ ಸಂಖ್ಯೆ ಯಾವುದನ್ನ ಕೊಟ್ರೂ ಮಾರ್ದನಿ ಕೂಗಿಗಿಂತ ಮುಂದೆ ಹೋಗುತ್ತೆ. ಬೇಕಂತಲೇ ನಿಮಗೊಬ್ಬರಿಗೆ ಸುಳ್ಳು ಸಂಖ್ಯೆ ಹೇಳಿದ್ರು. ಕದ್ದು ಮುಸುಕು ತೆಗೆದವರು ಯಾರು ಅಂತ ಆ ಹಾಳೆಯೇ ಊರಿಗೆಲ್ಲ ಸಾರುತ್ತೆ. ಇವತ್ತು ಬೆಳಿಗ್ಗೆ ನೀವೇ ಅದನ್ನ ನನ್ನ ಕೈಗೆ ಕೊಟ್ರಿ.”

ನಿರ್ದೇಶಕರ ಕೈ ಗಾಜಿನ ಮೇಲೇ ನಿಂತಿತು. ಅವರು ತಿರುಗಿದಾಗ ಮುಖ ಮತ್ತೆ ಸುಕ್ಕಿಲ್ಲದ ಕೋಟಿನಂತೆ ನಯವಾಗಿತ್ತು.

“ಚೆನ್ನಾಗಿ ಕಥೆ ಕಟ್ತೀರಿ. ಶನಿವಾರದ ಮಾತು ನಾನು ಆಡೇ ಇಲ್ಲ. ನೀವು ಕೇಳಿಸ್ಕೊಂಡೂ ಇಲ್ಲ. ಈ ಸಂಖ್ಯೆ ಸುಳ್ಳು ಅಂತೀರಲ್ಲ, ನಿಜವಾದದ್ದನ್ನ ತನ್ನಿ. ಸಂಜೆ ಈ ಲೆಕ್ಕ ಪರಿಶೀಲಿಸೋಕೆ ಸಮಿತಿಯವರು ಬರ್ತಾರೆ. ಬರಿಗೈಲಿ ಬಂದ್ರೆ, ಮೇಷ್ಟ್ರು ಗೀಚಿದ್ರು, ಓಡಿದ್ರು, ಕಥೆ ಮುಗೀತು.”

*

ಜೀಪು ಇಳಿಜಾರಿನಲ್ಲಿ ಇಳಿಯುವಾಗ ಇನ್ಸ್‌ಪೆಕ್ಟರಮ್ಮನ ತಲೆಯಲ್ಲಿ ಆ ನಗುವೇ ಸುತ್ತುತ್ತಿತ್ತು. ನಿರ್ದೇಶಕರು ಸಿಕ್ಕಿಬೀಳಲೆಂದೇ ಮೇಷ್ಟ್ರು ಹೇಳಿದ ಸುಳ್ಳು ಅದು. ಅಂಥ ಸುಳ್ಳು ಹೇಳುವವನು ಅದು ಬಯಲಾಗುವ ದಿನ ತಾನು ಎದುರಿಗೆ ಇರುವುದಿಲ್ಲ ಎಂದು ಮೊದಲೇ ಬಲ್ಲವನೋ? ಅಥವಾ ಇರುತ್ತೇನೆಂದು ನಂಬಿದ್ದವನನ್ನು ಇರದಂತೆ ಮಾಡಿದವರು ಬೇರೆ ಯಾರಾದರೂ ಇದ್ದಾರೋ? ಎರಡೂ ಕಡೆ ಮನಸ್ಸು ತೂಗಿತು. ತನಗೆ ಯಾವ ಉತ್ತರ ಬೇಕಾಗಿದೆ ಎಂದು ತನ್ನನ್ನೇ ಕೇಳಿಕೊಂಡಳು. ಮೇಷ್ಟ್ರು ಬದುಕಿರಬೇಕು, ಅದೇ ಬೇಕಾಗಿತ್ತು. ಬೇಕಾಗಿದ್ದರಿಂದಲೇ ಅದನ್ನು ಒಪ್ಪಿಕೊಳ್ಳಲು ಹೆದರಿದಳು.

“ಅಳತೆ ಗೊತ್ತಿಲ್ಲದವರು, ಆದ್ರೆ ಸಂಖ್ಯೆ ಮರೆಯದವರು. ಬಾಯಿ ಬಿಡದವರು. ನಿಮ್ಮಪ್ಪ ಅಷ್ಟು ನಂಬೋದು ಯಾರನ್ನ?” ಎಂದು ಪಕ್ಕದಲ್ಲಿ ಕೂತ ಹುಡುಗಿಯನ್ನು ಕೇಳಿದಳು.

ಹುಡುಗಿ ತನಗೇ ಆಶ್ಚರ್ಯವಾದವಳಂತೆ ಅಂದಳು. “ಅಮ್ಮ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಇದ್ದೋಳು. ಊರವರ ನಂಬರೆಲ್ಲ ಬಾಯಲ್ಲಿತ್ತು. ಊರವರ ಗುಟ್ಟೆಲ್ಲ ಕಿವಿಗೆ ಬಿದ್ದಿತ್ತು. ಒಂದಿನ ಒಂದು ಮಾತು ಮನೇಲಿ ಆಡಿದ್ದಿಲ್ಲ.”

ಇನ್ಸ್‌ಪೆಕ್ಟರಮ್ಮ ನಿನ್ನೆಯೂ ಬಂದಿದ್ದ ಮನೆ ರಸ್ತೆಯ ತಿರುವಿನಲ್ಲೇ ಇತ್ತು. ಎರಡು ಕೋಣೆ, ಒಂದು ಪಡಸಾಲೆ, ಕಿಟಕಿಯ ಪಕ್ಕ ಇಸ್ತ್ರಿ ಮೇಜು. ತಾಯಿ ಬಾಗಿಲು ತೆಗೆದರು. ಬಿಳಿಗೂದಲನ್ನು ಬಿಗಿಯಾಗಿ ಕಟ್ಟಿದ್ದರು.

“ಬನ್ನಿ. ಬಿಸಿಲಲ್ಲಿ ಬಂದಿದ್ದೀರಿ. ಚಹಾ ಇಡ್ಲಾ?”

“ಬೇಡಮ್ಮಾ, ಹೊತ್ತಿಲ್ಲ.”

ತಾಯಿ ಮತ್ತೆ ಇಸ್ತ್ರಿ ಪೆಟ್ಟಿಗೆ ಹಿಡಿದರು. ಮಗಳು ಅವರ ಬೆನ್ನ ಹಿಂದೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೂವತ್ತೇಳು, ಹಾಳೆ, ನಿರ್ದೇಶಕರು, ಸಮಿತಿ, ನಾಯಿಗಳು. “ನಿನಗೆ ಹೇಳಿದ್ದಾರೆ ಅಲ್ವಾ ಅಮ್ಮಾ? ನಿಜವಾದ ಸಂಖ್ಯೆ?”

“ಹೇಳಿದ್ದಾರೆ.”

ಮಗಳು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟಳು. “ಸದ್ಯ! ಹೇಳಿಬಿಡಮ್ಮ. ಅಪ್ಪ ಆ ಬಂಡೆಗಳ ನಡುವೆ ಎಲ್ಲೋ ಬಿದ್ದಿದ್ದಾರೆ. ಸಂಜೆ ಆದ್ರೆ ಹುಡುಕೋದು ನಿಲ್ಲಿಸಿಬಿಡ್ತಾರೆ.”

ತಾಯಿ ಮೇಷ್ಟ್ರ ಅಂಗಿಯ ಕಾಲರನ್ನು ತಿರುವಿ, ಒಳಗಿನಿಂದ ಹೊರಗೆ ನಿಧಾನವಾಗಿ ಇಸ್ತ್ರಿ ಎಳೆದರು.

ಆಗ ಇನ್ಸ್‌ಪೆಕ್ಟರಮ್ಮನಿಗೆ ಬಾಗಿಲಲ್ಲಿ ಕೇಳಿಸದೇ ಹೋದ ಮಾತು ಯಾವುದೆಂದು ತಿಳಿಯಿತು.

“ಅಮ್ಮಾ, ಕಾಣೆಯಾದವರ ಮನೆ ಬಾಗಿಲು ನಾನು ಎಷ್ಟೋ ತಟ್ಟಿದ್ದೀನಿ. ಬಾಗಿಲು ತೆಗೆದವರು ಮೊದಲು ಕೇಳೋದು ಒಂದೇ. ಸಿಕ್ಕಿದ್ರಾ ಅಂತ. ನಿನ್ನೆ ನೀವೂ ಕೇಳಿದ್ರಿ. ನಾನು ಮೆಟ್ಟಿಲು ಹತ್ತೋ ಮುಂಚೇನೇ ಕೇಳಿದ್ರಿ. ಇವತ್ತು ಕೇಳಲಿಲ್ಲ.”

ಇಸ್ತ್ರಿ ಪೆಟ್ಟಿಗೆ ಕಾಲರಿನ ಮೇಲೆ ನಿಂತಿತು. ಬಟ್ಟೆ ಸೀಯುವ ಸಣ್ಣ ವಾಸನೆ ಎದ್ದಿತು. ತಾಯಿ ಅದನ್ನು ಎತ್ತಿ ನಿಲ್ಲಿಸಿದರು, ಸ್ವಿಚ್ಚು ಆರಿಸಿದರು. ಉತ್ತರ ಮೊದಲೇ ಬಂದು ತಲುಪಿದವರು ಪ್ರಶ್ನೆ ಯಾಕೆ ಕೇಳುತ್ತಾರೆ?

“ಅಮ್ಮಾ?” ಮಗಳು ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನೋಡಿದಳು. “ಏನು ಹೇಳ್ತಿದ್ದಾರೆ ಇವರು?”

ಇನ್ಸ್‌ಪೆಕ್ಟರಮ್ಮನ ಜೇಬಿನಲ್ಲಿ ಫೋನು ನಡುಗಿತು. ಮೇಲಧಿಕಾರಿ. ಆಕೆ ಅದನ್ನು ಎತ್ತದೆ ಅಂಗೈಯಲ್ಲಿ ಹಿಡಿದುಕೊಂಡಳು.

“ನಿನ್ನೆಯಿಂದ ಇವತ್ತಿಗೆ ಈ ಮನೆಗೆ ಯಾರು ಬಂದ್ರು, ಯಾರ ದನಿ ಬಂತು, ಅದನ್ನ ಆಮೇಲೆ ಕೇಳ್ತೀನಿ. ಈಗ ಸಂಖ್ಯೆ ಒಂದನ್ನ ಹೇಳಿ. ನಿಮ್ಮ ಯಜಮಾನರ ಮರ್ಯಾದೆ ಉಳಿಯುತ್ತೆ. ನಾಯಿಗಳು ಗುಡ್ಡದಲ್ಲಿ ಉಳಿಯುತ್ತವೆ. ಸುಳ್ಳು ಹೇಳಿದವರು ಉತ್ತರ ಕೊಡಬೇಕಾಗುತ್ತೆ. ನಿಮ್ಮನ್ನ ಕೈಮುಗಿದು ಕೇಳ್ತಿದ್ದೀನಿ ಅಮ್ಮಾ.”

ತಾಯಿ ಅಂಗಿಯನ್ನು ಮಡಿಸಿದರು. ತೋಳು ಒಳಕ್ಕೆ, ಅಂಚು ಒಳಕ್ಕೆ. ಮಡಿಸಿದ್ದನ್ನು ಅಂಗೈಯಿಂದ ಒತ್ತಿ ಸಮ ಮಾಡಿದರು. ಆಮೇಲೆ ಮೊದಲ ಸಲ ತಲೆ ಎತ್ತಿ, ಮಗಳನ್ನು ನೋಡದೆ, ಇನ್ಸ್‌ಪೆಕ್ಟರಮ್ಮನ ಕಣ್ಣನ್ನೇ ನೋಡಿದರು.

“ನಿಮ್ಮ ನಾಯಿಗಳನ್ನ ವಾಪಸ್ ಕರೆಸಿಕೊಳ್ಳಿ ತಾಯಿ. ಸಂಖ್ಯೆ ನಾನು ಹೇಳಲ್ಲ. ನಿಮಗೂ ಹೇಳಲ್ಲ, ಇವಳಿಗೂ ಹೇಳಲ್ಲ. ಮುಸುಕು ತೆಗೆಯೋ ದಿನ ಈ ಅಂಗಿ ಹಾಕ್ಕೊಂಡು ಎಲ್ಲರ ಎದುರು ಅವರೇ ಹೇಳ್ತಾರೆ.”